ಮುಲ್ಲನ್ ದೊರೆಯ ಎಡೆ

ವೈಟ್‌ಫೀಲ್ಡಿನ ಟೆರೆನ್ಸ್ ಮುಲ್ಲನ್‌ಗೆ ೧೯೮೧ರಲ್ಲಿ ಐರ್ಲೆಂಡಿನ ಪಾಸ್‌ಪೋರ್ಟಿನ ಹುಚ್ಚು ಹಿಡಿಯಿತು. ತಾತ ಹುಟ್ಟಿದ ಊರು ತೋರಿಸಿದರೆ ಮೊಮ್ಮಗನಿಗೆ ಕೊಡುತ್ತಾರಂತೆ.

"ನಮ್ದು ಪ್ಯೂರ್ ಐರಿಷ್ ಬ್ಲಡ್ ಮ್ಯಾನ್," ಎಂದು ಮೂಗಿನಲ್ಲೇ ಹೇಳುತ್ತಿದ್ದ.

"ಮತ್ತೆ ಫೋಟೋದಲ್ಲಿ ನಿಮ್ಮಜ್ಜಿ ರೋಸ್ ನನಗಿಂತ ಕಪ್ಪಗಿದಾರಲ್ಲ ಗುರು?" ಎಂದೆ ಅವನ ಗೆಳೆಯನಾದ ನಾನು.

"ಬಿಸಿಲು ಮ್ಯಾನ್, ಬಿಸಿಲು!"

ಚರ್ಚಿನ ಹಳೇ ಮದುವೆ ಪುಸ್ತಕ ತೆರೆಸಿದೆವು. ತಾತನ ಹೆಸರಿತ್ತು, 'ಕೌಂಟಿ' ಎಂದಿತ್ತು, ಆಮೇಲೆ ಗೆದ್ದಲು. ಐರ್ಲೆಂಡಿನಲ್ಲಿ ಕೌಂಟಿ ಎಂಬ ಜಿಲ್ಲೆಗಳು ಮೂವತ್ತೆರಡು. ಅಜ್ಜಿಯ ಕಡೆಯಂತೂ ಬರೀ ತೂತು. "ಗೆದ್ದಲಿಗೂ ಹೊಟ್ಟೆಪಾಡು, ಮೈ ಸನ್," ಎಂದರು ಪಾದ್ರಿಗಳು, ಪ್ರಸಂಗದ ರಾಗದಲ್ಲೇ. ತಾತನ ಸಮಾಧಿಗೆ ಹೋದರೂ ಸಮಾಧಾನ ಸಿಗಲಿಲ್ಲ. ಕಲ್ಲು ಅರ್ಧಕ್ಕೇ ಮುರಿದಿತ್ತು.

ಸೋತು ಸುಣ್ಣವಾದವನನ್ನು ಊಟಕ್ಕೆಂದು ನಲ್ಲೂರಹಳ್ಳಿಯ ನಮ್ಮ ಮನೆಗೆ ಕರೆತಂದೆ. ಅಂದು ಮಹಾಲಯ ಅಮಾವಾಸ್ಯೆ. ನಮ್ಮಜ್ಜಿ ಪಿಳ್ಳಮ್ಮ, ಅಪ್ಪನ ತಾಯಿ, ತೀರಿಕೊಂಡ ಹಿರಿಯರಿಗೆ ಅವರವರ ಇಷ್ಟದ ಎಡೆ ಇಡುತ್ತಿದ್ದಳು: ತಾತನಿಗೆ ಕೋಳಿಸಾರು, ದೊಡ್ಡಪ್ಪನಿಗೆ ಬೀಡಿಕಟ್ಟು. ಕೊನೆಯ ಎಲೆಯಲ್ಲಿ ಉಪ್ಪುಖಾರವಿಲ್ಲದ ಬೆಂದ ಆಲೂಗೆಡ್ಡೆ, ಕ್ವಾರ್ಟರ್ ಬ್ರಾಂಡಿ. ಆ ಬ್ರಾಂಡಿ, ಪ್ರತಿವರ್ಷ ಎಡೆ ಎತ್ತಿದ ಮೇಲೆ ಅದನ್ನು ಕುಡಿಯುವ ನಮ್ಮಪ್ಪನಿಗೋಸ್ಕರವೇ ಎಂದು ಚಿಕ್ಕಂದಿನಿಂದ ನಂಬಿದ್ದೆ.

"ಇದ್ಯಾರಿಗೆ ಅಜ್ಜಿ?" ಟೆರೆನ್ಸ್ ಕೇಳಿದ.

"ನಮ್ ಚಿಕ್ಕವ್ವ ರಾಮಮ್ಮನ ಗಂಡುಂಗೆ ಕಣಪ್ಪ, ಮುಲ್ಲನ್ ದೊರೆ. ಕಾರ ಅಂದ್ರೆ ಕಣ್ಣೀರಾಕೋನು. ಮದ್ವೇಲಿ ಚಿಕ್ಕವ್ವುಂಗೆ ರೋಸು ಅಂತ ಎಸ್ರಿಟ್ರು. ಅವ್ಳ ಮಗ ಬೋರ್ಡಿಂಗ್ ಸ್ಕೂಲಿಗೋದೋನು ಈ ಕಡೆ ತಲೇನೇ ಆಕ್ಲಿಲ್ಲ. ಅದುಕ್ಕೆ ನಾನೇ ಮಡಗ್ತೀನಿ."

ಪಕ್ಕದ ಎಲೆಯಲ್ಲಿ ಮುದ್ದೆ, ಹುರುಳಿಸಾರು. ರಾಮಮ್ಮನದು. ಟೆರೆನ್ಸ್ ಗೋಡೆಗೊರಗಿ ಕೂತ. ಅವನಜ್ಜಿಯ 'ಬಿಸಿಲು' ಒಂದೇ ಏಟಿಗೆ ಇಳಿದಿತ್ತು.

"ಅಜ್ಜಿ, ನಾನು ಅವ್ರ ಮೊಮ್ಮಗ. ತಾತಂದು ಯಾವ ಊರು? ಪ್ಲೀಸ್!"

"ಅಯ್ಯೋ ನನ್ನಪ್ಪಾ! ಅಂಗಾದ್ರೆ ನಾನ್ ನಿಂಗೆ ಅತ್ತೆ ಕಣ್ಲಾ! ಇರು, ಊರು ಸೇರ್ಸೇ ಕರೀತೀನಿ. ಇಲ್ದಿದ್ರೆ ಅವ್ರು ದಾರಿ ತಪ್ತಾರೆ."

ಟೆರೆನ್ಸ್ ಪೆನ್ನು ತೆಗೆದ. ಅಜ್ಜಿ ಕರ್ಪೂರ ಹಚ್ಚಿ ಕೂಗಿದಳು: "ನಲ್ಲೂರಳ್ಳಿ ಮುಲ್ಲನ್ ದೊರೇ, ಬಾರಪ್ಪಾ!"

"ಅದಲ್ಲ, ಸೀಮೆ ಊರು!"

"ಅದುನ್ನ ಅವ್ನೇ ಬಿಟ್ಬಂದ. ಅಲ್ಲಿ ಎಡೆ ಮಡಗೋರು ಯಾರವ್ರೆ, ಅಲ್ಲಿಂದ ಕರೆಯಾಕೆ?"

ಪೆನ್ನು ಜೇಬಿಗೆ ಹೋಯಿತು. ಅಜ್ಜಿ ಆರತಿ ತಟ್ಟೆಯನ್ನು ಅವನ ಕೈಗೆ ಕೊಟ್ಟಳು. ಅವನು ಶಿಲುಬೆಯ ಗುರುತು ಮಾಡಿಕೊಂಡು, ಎರಡೂ ಎಲೆಗೆ ಬೆಳಗಿದ.

"ಪ್ಯೂರ್ ಐರಿಷ್ ಬ್ಲಡ್ ಮ್ಯಾನ್," ಎಂದೆ ಅವನ ಹಾಗೇ ಮೂಗಿನಲ್ಲಿ.

"ಶಟಪ್ ಮ್ಯಾನ್. ನಾನೀಗ ನಿನ್ನ ಮಾವ."

ಎಡೆ ಎತ್ತುವ ಹೊತ್ತಿಗೆ ನಮ್ಮಪ್ಪ ಅಭ್ಯಾಸಬಲದಿಂದ ಬ್ರಾಂಡಿಗೆ ಕೈ ಚಾಚಿದರು. ಟೆರೆನ್ಸ್ ಬಾಟಲನ್ನು ಎದೆಗವಚಿಕೊಂಡ.

"ಸಾರಿ ಭಾವ. ಇದು ನಮ್ ತಾತಂದು."