ಏರಿಯ ಮೇಲೆ ಒಣಗದ ಜಾಗ

ಏರಿಯ ಹೊರಮೈಯಲ್ಲಿ, ದೋಣಿ ಕಚೇರಿಯ ಕಿಟಕಿಗೆ ಕಾಣುವ ಕಡೆ, ಚಾಪೆಯಗಲದ ಒಂದು ಜಾಗ ಸದಾ ಒದ್ದೆ. ಅದು ಕೆರೆಯ ನೀರು ಮಣ್ಣಿನೊಳಗಿಂದ ಜಿನುಗುತ್ತಿರುವುದೋ, ನನ್ನ ಸೋದರಮಾವ ದಿನಾ ಎರಡು ಹೊತ್ತು ಹುಲ್ಲಿಗೆ ಬಿಡುವ ಪೈಪಿನ ನೀರೋ? ತಿಳಿಯಲು ದಾರಿ ಒಂದೇ, ಕೆಲವು ದಿನ ಪೈಪು ನಿಲ್ಲಿಸಬೇಕು. ಕೆರೆಯದೇ ಆಗಿದ್ದರೆ ಒಳಗಿನ ಮಣ್ಣು ಕೊಚ್ಚಿಹೋಗಿ ಏರಿ ಒಡೆಯಬಹುದು. ಕೆಳಗೆ ನಮ್ಮದೂ ಸೇರಿ ಹದಿನಾಲ್ಕು ಮನೆಗಳಿವೆ.

ಈ ಕೆರೆ ದೋಣಿವಿಹಾರದ ಕ್ಲಬ್ಬಿನದು; ಮಾವ ಅದರ ತೋಟದ ಮೇಸ್ತ್ರಿ. ನಾನು ಡಿಗ್ರಿ ಮುಗಿಸಿ ಇಲ್ಲೇ ದೋಣಿಯ ಟಿಕೆಟ್ ಕೊಡುತ್ತೇನೆ, ಬೆಳಿಗ್ಗೆ ನೀರಿನ ಮಟ್ಟ ಬರೆದಿಡುತ್ತೇನೆ.

“ಮಾವ, ಐದು ದಿನ ನೀರು ಬಿಡ್ಬೇಡಿ.”

“ಮುಂದಿನ ವಾರದ ಭಾನುವಾರ ದೋಣಿ ಸ್ಪರ್ಧೆ. ಹುಲ್ಲು ಒಣಗಿದ್ರೆ ಕ್ಲಬ್ಬಿನ ಅಧ್ಯಕ್ಷರು ನನ್ನ ತಲೆ ಮೇಲೆ ದೋಣಿ ಹೊರಿಸ್ತಾರೆ.”

“ಅಲ್ಲ, ಆ ಒದ್ದೆ...”

“ಅಲ್ಲಿ ಪೈಪು ತೂತಾಗಿದೆ ಕಣೇ. ಓದಿ ಓದಿ ನಿಂಗೆ ಎಲ್ಲದಕ್ಕೂ ಹೆದರಿಕೆ.”

ನಾಲ್ಕು ಸಲ ಕೇಳಿದೆ. ನಾಲ್ಕನೆಯದು ಊಟದ ಹೊತ್ತಿನಲ್ಲಿ. “ಅವನ ಹುಲ್ಲಿನ ಸುದ್ದಿಗೆ ಹೋಗ್ಬೇಡ,” ಎಂದಳು ಅಮ್ಮ. “ನನ್ನ ತಮ್ಮ ಮದುವೆ ಆಗಿರೋದೇ ಅದನ್ನ.” ಎಲ್ಲರೂ ನಕ್ಕರು. ಮರುದಿನ ಅಧ್ಯಕ್ಷರಿಗೆ ಪತ್ರ ಬರೆದುಕೊಟ್ಟೆ. “ಅಕ್ಷರ ಮುದ್ದಾಗಿದೆ,” ಎಂದು ಅದನ್ನು ಹೂದಾನಿಯ ಕೆಳಗಿಟ್ಟರು.

ಸೋಮವಾರ ಬೆಳಿಗ್ಗೆ, ಯಾರೂ ಬರುವ ಮೊದಲೇ, ಪೈಪಿಗೆ ನೀರೆತ್ತುವ ಪಂಪಿನ ಫ್ಯೂಸ್ ಕಿತ್ತು ಚೀಲಕ್ಕೆ ಹಾಕಿಕೊಂಡೆ. ಕರೆಂಟೆಂದರೆ ಹೆದರುವ ಮಾವ ಬೋರ್ಡಿನ ಹತ್ತಿರವೂ ಸುಳಿಯುವವರಲ್ಲ. ರಿಪೇರಿಯವನು ಇವತ್ತು, ನಾಳೆ ಎನ್ನುತ್ತಲೇ ವಾರ ಕಳೆದ. ಮಾವ ಗೇಟಿನ ಹೂಗಿಡಗಳಿಗೆ ಬಕೆಟ್ಟಿನಲ್ಲಿ ನೀರು ಹೊತ್ತು ಸೊಂಟ ಹಿಡಿದುಕೊಂಡರು. ನಾನು ತಲೆ ತಗ್ಗಿಸಿ ಟಿಕೆಟ್ ಹರಿಯುತ್ತಿದ್ದೆ.

ಶನಿವಾರದ ಹೊತ್ತಿಗೆ ಹುಲ್ಲೆಲ್ಲ ಬಿಸಿಲಿಗೆ ಹಳದಿಯಾಗಿತ್ತು. ಆ ಚಾಪೆಯಗಲ ಮಾತ್ರ ಹಚ್ಚಹಸಿರು.

ಅಧ್ಯಕ್ಷರು ನೋಡಲು ಬಂದರು. “ಇಡೀ ಏರಿ ಹಾಳುಬಿದ್ದಿದೆ. ಅದೊಂದು ಕಡೆ ಮಾತ್ರ ಚೆನ್ನಾಗಿ ನೋಡ್ಕೊಂಡಿದ್ದೀಯ ಕಣಯ್ಯ. ಎಲ್ಲಾ ಕಡೆನೂ ಹಾಗೇ ಮಾಡೋಕೇನು?”

ಮಾವ ಹೋಗಿ ಅಲ್ಲಿ ಕಾಲಿಟ್ಟರು. ಚಪ್ಪಲಿ ಹೂತುಹೋಯಿತು. ಕಾಲೆತ್ತಿದ ಗುಂಡಿಯಲ್ಲಿ ಕೆಂಪು ಕದಡು ನೀರು ತುಂಬಿಕೊಂಡಿತು.

“ತೂಬು ತೆಗೆದು ಕೆರೆ ಇಳಿಸ್ಬೇಕು ಸಾರ್. ಈಗ್ಲೇ.”

“ಮತ್ತೆ ನಾಳೆ ದೋಣಿನ ಕೆಸರಲ್ಲಿ ಬಿಡ್ಲೇನು?”

ಮಾವ ನನ್ನ ಕಡೆ ತಿರುಗಿದರು. “ದಿನಾ ಇಲ್ಲೇ ಕೂತಿರ್ತೀಯಲ್ಲ, ಬಾಯಿಗೇನಾಗಿತ್ತೇ ನಿಂಗೆ? ಮೊದಲೇ ಹೇಳೋಕೇನು ದಾಡಿ?”

ಮೈಯೆಲ್ಲ ಉರಿಯಿತು. “ಹೇಳಿದ್ದೆ!” ಎಂದು ಕಿರುಚಿದೆ. ಅಧ್ಯಕ್ಷರು ಒಂದು ಹೆಜ್ಜೆ ಹಿಂದೆ ಸರಿದರು. “ನಾಲ್ಕು ಸಲ ಹೇಳಿದ್ದೆ! ಈಗ ಬನ್ನಿ ಮಾವ, ಚಕ್ರದ ಆ ಕಡೆ ಹಿಡ್ಕೊಳ್ಳಿ.”

ತೂಬಿನ ಚಕ್ರ ತುಕ್ಕು ಹಿಡಿದು ಕಲ್ಲಾಗಿತ್ತು. ಇಬ್ಬರೂ ಅದಕ್ಕೆ ಜೋತುಬಿದ್ದೆವು. ಬೆನ್ನ ಹಿಂದೆ ಅಧ್ಯಕ್ಷರು ಯಾರಿಗೋ ಫೋನಿನಲ್ಲಿ ನಮ್ಮ ಮೇಲೆ ದೂರು ಹೇಳುತ್ತಿದ್ದರು. ಚಕ್ರ ಕಿರ್ರೆಂದು ಒಂದು ಬೆರಳಷ್ಟು ತಿರುಗಿತು.

“ಇನ್ನೂ,” ಎಂದೆ.