ಪಡುವಣ ಗೋಡೆಯ ಬೊಗಸೆ

ಆಷಾಢದ ಗಾಳಿ ಮಾಕಳಿದುರ್ಗದ ಕಡೆಯಿಂದ ಬಿಡುವಿಲ್ಲದೆ ಬೀಸುತ್ತಿತ್ತು. ಕೆರೆಯ ಮೇಲಿನ ಹೊಲಗಳಲ್ಲಿ ಕೂರಿಗೆ ಹೂಡಿ ರಾಗಿ ಬಿತ್ತುತ್ತಿದ್ದರು. ಬಿತ್ತನೆಯ ಆಳುಗಳಿಗೆ ಹಿಟ್ಟು ಬೇಯಿಸಲು ಮನೆಯೊಳಗಿನ ರಾಗಿ ಮುಗಿಯುತ್ತ ಬಂದಿತ್ತು. ಯುದ್ಧಕಾಲದ ಲೆವಿ ಧಾನ್ಯದ ವಸೂಲಿಗೆ ಅಮಲ್ದಾರರ ಕಡೆಯವರು ಬರುವುದರೊಳಗೆ ಒಂದಿಷ್ಟು ಮೇಲಕ್ಕೆ ತೆಗೆದಿಟ್ಟುಕೊಳ್ಳೋಣವೆಂದು ಪಟೇಲ ಗಂಗಣ್ಣ ಹಿತ್ತಲಿನಲ್ಲಿ ರಾಗಿ ತುಂಬಿ ಮುಚ್ಚಿಟ್ಟಿದ್ದ ಹಗೇವು ತೆಗೆಸಿದ.

ಹಗೇವಿನ ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟೇ. ನೆಲದೊಳಗೆ ಮಾತ್ರ ಅದು ಒಂದು ಕೋಣೆಯಷ್ಟು ಅಗಲ. ಹಿಂದಿನ ದಿನವೇ ಚಪ್ಪಡಿ ಸರಿಸಿ ಗಾಳಿಗೆ ಬಿಟ್ಟಿದ್ದರು. ಈಗ ಲಾಟೀನನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟು ನೋಡಿದರು. ದೀಪ ಆರಲಿಲ್ಲ. ಆರಿದ್ದರೆ ಒಳಗೆ ಕೆಟ್ಟ ಗಾಳಿ ನಿಂತಿದೆ ಎಂದು ಅರ್ಥ. ಆಗ ಇಳಿದವನು ಜೀವಸಹಿತ ಮೇಲೆ ಬರುವುದಿಲ್ಲ.

ಬೇರೆ ಮನೆಗಳಲ್ಲಿ ಮೊದಲು ಆಳನ್ನು ಇಳಿಸುತ್ತಾರೆ. ಗಂಗಣ್ಣನ ಮನೆಯಲ್ಲಿ ಯಜಮಾನನೇ ಇಳಿಯಬೇಕು. ಅವನ ಅಪ್ಪ ಇಳಿಯುತ್ತಿದ್ದ, ಅಪ್ಪ ಹೋದ ಮೇಲೆ ಇವನು. ಆಳಿನ ಜೀವವನ್ನೂ ತಮ್ಮ ಜೀವದಂತೆ ಕಾಣುವ ಮನೆ ಎಂದು ಊರವರು ಹೊಗಳುತ್ತಿದ್ದರು, ಗಂಗಣ್ಣನಿಗೂ ಅದು ಕೇಳಲು ಹಿತವಾಗಿತ್ತು. ತಲೆಯ ವಸ್ತ್ರ ಬಿಚ್ಚಿಟ್ಟು ಅವನು ಹಗ್ಗ ಹಿಡಿದು ಇಳಿದ. ಕಾಲು ರಾಗಿಯಲ್ಲಿ ಹೂತುಕೊಂಡಿತು. ಬುಟ್ಟಿ ತುಂಬುವುದಕ್ಕೆ ಮುಂಚೆ ಎರಡೂ ಕೈಯಲ್ಲಿ ಒಂದು ಬೊಗಸೆ ರಾಗಿ ಎತ್ತಿ ಪಡುವಣ ಗೋಡೆಗೆ ಒತ್ತಿ ಸುರಿದ. ಇದೂ ಅಪ್ಪ ಕಲಿಸಿದ್ದೇ. "ಇದನ್ನ ಮೇಲಕ್ಕೆ ತರಬ್ಯಾಡ. ಯಾಕೆ ಅಂತ ಕೇಳಬ್ಯಾಡ. ಮೇಲಿರೋರಿಗೆ ಹೇಳಬ್ಯಾಡ" ಎಂದು ಇದೇ ಕತ್ತಲಲ್ಲಿ ನಿಂತು ಹೇಳಿದ್ದ. ಗಂಗಣ್ಣ ಕೇಳಿರಲಿಲ್ಲ, ಹೇಳಿರಲಿಲ್ಲ.

ನಾಲ್ಕು ಬುಟ್ಟಿ ಮೇಲೆ ಹೋಗುವಷ್ಟರಲ್ಲಿ ದಾಯಾದಿ ಪಿಳ್ಳಪ್ಪ ಹಗೇವಿನ ಬಾಯಿಗೆ ತಲೆ ಇಟ್ಟು ಕೂಗಿದ.

"ಅಣ್ಣೋ, ಮೇಲಕ್ಕೆ ಬಾ. ಶಾನುಭೋಗ್ರು ಅರಳೀಕಟ್ಟೆ ತಾವ ಕರೀತಾವ್ರೆ. ಮುನಿವೆಂಕಟಮ್ಮ ಯಾವ್ದೋ ಕಾಗದ ತಂದವ್ಳೆ. ನಿಮ್ಮ ತಾತ ಬರೆಸಿದ್ದಂತೆ."

"ನಮ್ಮ ತಾತಂಗೆ ಸತ್ತ ಮೇಲೆ ಕಾಗದ ಬರೆಸೋ ಹುಚ್ಚು ಹಿಡೀತಾ?"

"ನಗಬ್ಯಾಡ. ಊರೆಲ್ಲ ಸೇರೈತೆ."

ಮುನಿವೆಂಕಟಮ್ಮನ ಮನೆಯನ್ನು ಊರಿನಲ್ಲಿ ಕರೆಯುವುದು ಹಗೇವುಗಳ್ಳರ ಮನೆ ಎಂದು. ಅವಳ ಮಾವ ಸೊಣ್ಣಪ್ಪ ಊರ ಚಾಕರಿಯ ತೋಟಿಯಾಗಿದ್ದವನು. ಈಶ್ವರ ಸಂವತ್ಸರದ ದೊಡ್ಡ ಬರದಲ್ಲಿ ಪಟೇಲರ ಹಗೇವಿಗೆ ಕದಿಯಲು ಇಳಿದು, ಒಳಗೇ ಸತ್ತನೆಂದು ಮಾತು. ಅವನ ತೋಟಿಕೆ ಹೋಯಿತು, ತೋಟಿಕೆಗೆ ಬಿಟ್ಟಿದ್ದ ಕೆರೆ ಕೆಳಗಿನ ಹೊಲ ಪಟೇಲರ ಮನೆಗೆ ಸೇರಿತು, ಹೆಸರು ಮಾತ್ರ ಆ ಮನೆಯಲ್ಲೇ ಉಳಿಯಿತು. ಈಗ ಮುನಿವೆಂಕಟಮ್ಮನ ಮೊಮ್ಮಗಳಿಗೆ ಹೊಸಕೋಟೆ ಕಡೆಯಿಂದ ಸಂಬಂಧ ಬಂದಿತ್ತು. ಹೆಸರು ಕಿವಿಗೆ ಬಿದ್ದು ಅವರು ಹಿಂದೆಗೆದಿದ್ದರು. ನಿಮ್ಮೂರ ಕಟ್ಟೆಯ ಮೇಲೆ ಆ ಮಾತು ಸುಳ್ಳೆಂದು ಹೇಳಿಸಿದರೆ ಬರುತ್ತೇವೆ ಎಂದಿದ್ದರು.

ಕಟ್ಟೆಯ ಮೇಲೆ ಶಾನುಭೋಗ ನರಸಿಂಹಯ್ಯನವರು ಕೂತಿದ್ದರು. ಮುನಿವೆಂಕಟಮ್ಮ ಕೆಳಗೆ, ದೂರದಲ್ಲಿ ನಿಂತಿದ್ದಳು. ಪಕ್ಕದಲ್ಲಿ ಮಗ ಬೈಲಪ್ಪ. ಬೆಂಗಳೂರಿನ ಗಿರಣಿಯಲ್ಲಿ ಕೆಲಸ, ಅಲ್ಲಿನ ರಾತ್ರಿ ಶಾಲೆಯಲ್ಲಿ ಓದು ಕಲಿತವನು.

"ಚಾವಣಿ ಹುಲ್ಲು ಬದಲಾಯಿಸೋವಾಗ ಬಿದಿರ ಕೊಳವೇಲಿ ಸಿಕ್ತು, ಬುದ್ದಿ," ಎಂದಳು ಮುನಿವೆಂಕಟಮ್ಮ. "ದೊಡ್ಡಗೌಡ್ರು ಸಾಯೋವಾಗ ಕರೆದು ಕೈಯಾರೆ ಕೊಟ್ರು ಅಂತ ನಮ್ಮತ್ತೆ ಹೇಳೋಳು. ಆಗ ಅವ್ಳು ಯಾರಿಗೆ ತೋರ್ಸ್ಬೇಕಿತ್ತು?"

ಆಗ ಊರಿನಲ್ಲಿ ಓದು ಬಲ್ಲವರು ಶಾನುಭೋಗರೊಬ್ಬರೇ. ಅವರಿಗೆ ತೋರಿಸುವುದೂ ಪಟೇಲರಿಗೆ ತೋರಿಸುವುದೂ ಒಂದೇ ಆಗಿತ್ತು.

"ಓದೋ ಬೈಲ," ಎಂದ ಗಂಗಣ್ಣ.

ಬೈಲಪ್ಪ ಕಾಗದವನ್ನು ಗಾಳಿಗೆ ಹಾರದಂತೆ ಎರಡೂ ಕೈಯಲ್ಲಿ ಹಿಡಿದು ಓದಿದ.

"ಪಟೇಲ ಅಪ್ಪಯ್ಯಣ್ಣನಾದ ನಾನು ಬರೆಸಿದ್ದು. ಬರದಲ್ಲಿ ಜನ ಸಾಯುತ್ತಿರಲು ನನ್ನ ಹಗೇವಿನಲ್ಲಿ ರಾಗಿ ಇರುವುದು ಊರವರಿಗೆ ತಿಳಿಯಕೂಡದೆಂದು, ಚಪ್ಪಡಿ ಎತ್ತಿದ ಕೂಡಲೇ, ಗಾಳಿಗೆ ಬಿಡದೆ, ತೋಟಿ ಸೊಣ್ಣಪ್ಪನನ್ನು ಇಳಿಸಿದೆನು. ಅವನು ಪಡುವಣ ಗೋಡೆಗೆ ಒರಗಿ ಸತ್ತನು. ಕದಿಯಲು ಇಳಿದನೆಂದು ಸರ್ಕಾರದವರಿಗೆ ನಾನೇ ಹೇಳಿದೆನು. ಅವನ ಹೊಲವನ್ನೂ ನಾನೇ ತೆಗೆದುಕೊಂಡೆನು. ಅವನು ಕಳ್ಳನಲ್ಲ. ಇನ್ನು ಮೇಲೆ ನನ್ನ ಮನೆಯ ಯಜಮಾನನೇ ಮೊದಲು ಇಳಿಯತಕ್ಕದ್ದು. ಇಳಿದವನು ಸೊಣ್ಣಪ್ಪನ ಹೆಸರಿನಲ್ಲಿ ಪಡುವಣ ಗೋಡೆಗೆ ಒಂದು ಬೊಗಸೆ ಬಿಡತಕ್ಕದ್ದು."

ಗಂಗಣ್ಣ ತನ್ನ ಅಂಗೈ ನೋಡಿಕೊಂಡ. ಉಗುರಿನ ಸಂದಿಯಲ್ಲಿ ಇನ್ನೂ ರಾಗಿಯ ಧೂಳಿತ್ತು.

"ಕೆಳಗೆ ರುಜು ಹಾಕೋ ತಾವ ನೇಗಿಲ ಗುರ್ತು ಐತೆ," ಎಂದ ಬೈಲಪ್ಪ. "ಬರೆದೋರು ಶಾನುಭೋಗ್ರ ತಾತ."

ನರಸಿಂಹಯ್ಯನವರು ಕಾಗದವನ್ನು ಕಟ್ಟೆಯ ಮೇಲೆ ಇಡಿಸಿ, ತಾವು ಎತ್ತಿಕೊಂಡು, ಬಿಸಿಲಿಗೆ ಹಿಡಿದರು. "ನಮ್ಮ ತಾತನವರ ಕೈಬರಹ ಇದಲ್ಲ. ನೇಗಿಲ ಗುರುತು ಯಾರು ಬೇಕಾದರೂ ಗೀಚಬಹುದು. ಇನ್ನು ಕಾಗದ. ಕಾಫಿ ಡಿಕಾಕ್ಷನ್‌ನಲ್ಲಿ ಅದ್ದಿ ಒಣಗಿಸಿದರೆ ನಿನ್ನೆಯ ಕಾಗದವೂ ನೂರು ವರ್ಷದ್ದಾಗುತ್ತೆ."

"ಈ ಯುದ್ಧದಾಗೆ ಕಾಫಿ ನಮಗೇ ಕುಡಿಯಾಕೆ ಸಿಗಾಕಿಲ್ಲ, ಇವ್ನು ಕಾಗದಕ್ಕೆ ಕುಡಿಸ್ತಾನಾ!" ಎಂದ ಪಿಳ್ಳಪ್ಪ. ಜನ ನಕ್ಕರು.

ಬೈಲಪ್ಪ ನಗಲಿಲ್ಲ. "ಸ್ವಾಮಿ, ನಿಮ್ಮ ತಾತನೋರು ಬರೆದಿರೋ ಹಳೇ ಕಡತ ಮನೇಲಿ ಇರ್ತವಲ್ಲ. ಒಂದು ತನ್ನಿ. ಪಕ್ಕಕ್ಕಿಟ್ಟು ನೋಡಾನ."

"ಅವೆಲ್ಲ ಗೆದ್ದಲು ತಿಂದು ಯಾವ ಕಾಲವಾಯ್ತೋ."

"ಗೆದ್ದಲಿಗೂ ಓದೋಕ್ ಬರ್ತೈತೆ ಅನ್ನಿ."

"ನಾಲಗೆ ಬಿಗಿ ಹಿಡಿ, ಲೇ! ಗಿರಣಿಯಲ್ಲಿ ಕಲಿತ ನಾಲ್ಕಕ್ಷರ ತಂದು ನಮ್ಮ ತಾತನಿಗೆ ಸುಳ್ಳು ಕಟ್ಟುತ್ತೀಯಾ? ಯಜಮಾನ ಇಳಿಯೋ ಪದ್ಧತಿ ಊರಿಗೇ ಗೊತ್ತು. ಅದನ್ನ ಕೇಳಿಕೊಂಡು ನೀನೇ ಬರೆದಿದ್ದೀಯೆ."

ಮುನಿವೆಂಕಟಮ್ಮ ಮಗನ ತೋಳು ಹಿಡಿದು ಹಿಂದಕ್ಕೆ ಎಳೆದಳು. ತಾನು ಎರಡು ಹೆಜ್ಜೆ ಮುಂದೆ ಬಂದಳು.

"ಗೌಡ್ರೇ, ಇಳಿಯೋದು ಊರಿಗೆ ಗೊತ್ತು, ದಿಟ. ಇಳಿದ ಮ್ಯಾಕೆ ಏನು ಮಾಡ್ತೀರಿ ಅಂತ ಊರಿಗೆ ಗೊತ್ತಿಲ್ಲ. ನಿಮಗೊಬ್ಬರಿಗೇ ಗೊತ್ತು. ಆ ಗೋಡೆಗೆ ಒಂದು ಬೊಗಸೆ ಬಿಡ್ತೀರೋ ಇಲ್ವೋ? ಅದೊಂದು ಹೇಳಿಬಿಡಿ ನನ್ನಪ್ಪ. ಹೊಲ ನೀವೇ ಇಟ್ಕಳಿ. ನನಗೆ ಹೊಲ ಬ್ಯಾಡ. ನನ್ನ ಮೊಮ್ಮಗಳು ಕಳ್ಳರ ಮನೆ ಹೆಣ್ಣಲ್ಲ ಅಂತ ಆದ್ರೆ ಸಾಕು."

ಎಲ್ಲರೂ ಗಂಗಣ್ಣನ ಕಡೆ ತಿರುಗಿದರು. ಬಿಡುತ್ತೇನೆ ಎಂದರೆ ಮುಗಿಯಿತು. ಆದರೆ ಅದೊಂದೇ ಮಾತಲ್ಲ, ಅದರ ಹಿಂದೆ ಉಳಿದದ್ದೆಲ್ಲ ಬರುತ್ತಿತ್ತು. ತಾತ ಬರಗಾಲದಲ್ಲಿ ರಾಗಿ ಬಚ್ಚಿಟ್ಟವನು, ಒಬ್ಬನನ್ನು ಕೊಂದವನು, ಸತ್ತವನ ಮೇಲೆ ಕಳವು ಹೊರಿಸಿದವನು. ಕಟ್ಟೆಯ ಮೇಲೆ ಕೂತಿದ್ದವರ ಮನೆಗಳಲ್ಲೂ ಆ ಬರದಲ್ಲಿ ಹಸಿದು ಸತ್ತವರಿದ್ದರು. ಶಾನುಭೋಗರು ಕಣ್ಣು ಮಿಟುಕಿಸದೆ ಅವನನ್ನೇ ನೋಡುತ್ತಿದ್ದರು.

"ಅಂಥಾದ್ದೇನೂ ಇಲ್ಲ," ಎಂದ ಗಂಗಣ್ಣ.

ದನಿ ಸಲೀಸಾಗಿಯೇ ಬಂತು. ಅವನಿಗೇ ಆಶ್ಚರ್ಯವಾಯಿತು.

"ಮುಗೀತಲ್ಲ," ಎಂದು ನರಸಿಂಹಯ್ಯನವರು ಕಾಗದವನ್ನು ಕಟ್ಟೆಯ ಅಂಚಿಗೆ ಎಸೆದರು. ಮುನಿವೆಂಕಟಮ್ಮ ಅದನ್ನು ಎತ್ತಿಕೊಂಡು, ಮಡಿಕೆ ಕೆಡದಂತೆ ಮಡಚಿ, ಸೊಂಟಕ್ಕೆ ಸಿಕ್ಕಿಸಿಕೊಂಡಳು. ಬಯ್ಯಲಿಲ್ಲ, ಅಳಲಿಲ್ಲ. ಗಂಗಣ್ಣನ ಮುಖವನ್ನು ಒಂದು ಗಳಿಗೆ ನೋಡಿ ಹೊರಟಳು.

ಆ ದಿನ ಉಣ್ಣುವಾಗ ಗಂಗಣ್ಣ ಮುದ್ದೆ ಮುರಿದವನು ಹಾಗೇ ಕೂತ. ಹೆಂಡತಿ ಅಮ್ಮಯಮ್ಮ ಎಸರು ಬಿಡಲು ಬಂದವಳು ಸೌಟು ಹಿಡಿದೇ ನಿಂತಳು.

"ಕಾಗದ ದಿಟವಾ?"

ಅವನು ಮುದ್ದೆಯನ್ನು ತಟ್ಟೆಯ ಅಂಚಿಗೆ ಸರಿಸಿದ.

"ನಿಮ್ಮನ್ನ ಮದುವೆಯಾದಾಗಿಂದ ಆ ಹೊಲದ ಅನ್ನ ಉಂಡಿವ್ನಿ," ಎಂದಳು. "ನನಗೂ ಒಂದು ಮಾತು ಹೇಳ್ಬೋದಾಗಿತ್ತು."

"ನಂಗೇ ಇವತ್ತು ಗೊತ್ತಾಗಿದ್ದು ಕಣೇ."

"ಗೊತ್ತಾದ ಮ್ಯಾಕೆ ತಾನೆ ಇಲ್ಲ ಅಂದಿದ್ದು?"

ಅವನು ಕೈ ತೊಳೆದುಕೊಂಡ.

ಶ್ರಾವಣ ಹುಟ್ಟುವ ಮುಂಚೆ ಸುದ್ದಿ ಬಂತು. ಹೊಸಕೋಟೆ ಕಡೆಯವರು ಬೇರೆ ಹೆಣ್ಣು ಗೊತ್ತು ಮಾಡಿಕೊಂಡರಂತೆ. ಬೈಲಪ್ಪ ಮಗಳನ್ನೂ ಕರೆದುಕೊಂಡು ಬೆಂಗಳೂರಿಗೆ ಹೋದನಂತೆ. ಗಂಗಣ್ಣ ಹೊಲಕ್ಕೆ ಹೋದ. ಕುಂಟೆ ಹೊಡೆಯುವವರಿಗೆ ಏನೋ ಹೇಳಿ, ಏನು ಹೇಳಿದೆನೆಂದು ಮರೆತು, ಮತ್ತೆ ಅದನ್ನೇ ಹೇಳಿದ. ಸಂಜೆ ಮುಂದೆ ಮನೆಗೆ ಬಂದವನು ಒಂದು ಕುಕ್ಕೆ ತುಂಬ ರಾಗಿ ಸುರಿದುಕೊಂಡು, ಆಳಿಗೆ ಹೊರಿಸದೆ ತಾನೇ ತಲೆಯ ಮೇಲೆ ಹೊತ್ತುಕೊಂಡು, ಕೆರೆ ಏರಿಯ ಆಚೆಗಿನ ಕೇರಿಗೆ ನಡೆದ.

ಮುನಿವೆಂಕಟಮ್ಮ ಮನೆ ಮುಂದೆ ಕೂತು ಹುಲ್ಲಿನ ಹಗ್ಗ ಹೊಸೆಯುತ್ತಿದ್ದಳು. ಪಟೇಲ ತಲೆಯ ಮೇಲೆ ಹೊರೆ ಹೊತ್ತು ಬಂದದ್ದು ಕಂಡು ಗಾಬರಿಯಾಗಿ ಎದ್ದಳು.

"ಇದೇನ್ ಬುದ್ದಿ?"

ಗಂಗಣ್ಣ ಕುಕ್ಕೆ ಇಳಿಸಿದ. ಉಸಿರು ತೆಗೆದುಕೊಂಡ. "ಬಿಡ್ತೀನಿ ಕಣಮ್ಮ. ಪ್ರತಿ ಸಲವೂ ಬಿಡ್ತೀನಿ. ನಮ್ಮಪ್ಪನೂ ಬಿಡೋನು. ಕಾಗದ ದಿಟ."

ಅವಳು ಕೈಯಲ್ಲಿದ್ದ ಹಗ್ಗ ಕೆಳಗಿಡಲಿಲ್ಲ. ಹುರಿ ತಿರುವುತ್ತಲೇ ಕೇಳಿದಳು.

"ನನಗ್ಯಾಕೆ ಹೇಳ್ತೀರಿ? ಕಟ್ಟೆ ತಾವ ನಿಮ್ಮ ಮೊಕ ನೋಡ್ದಾಗ್ಲೇ ನನಗೆ ಗೊತ್ತಾಯ್ತು."

"ಈ ರಾಗಿ ಇಟ್ಕೋ. ಪ್ರತಿ ವರ್ಷ ಕಳಿಸ್ತೀನಿ."

"ಸತ್ತೋನಿಗೆ ಒಂದು ಬೊಗಸೆ, ಬದುಕಿರೋಳಿಗೆ ಒಂದು ಕುಕ್ಕೆ. ಚೆನ್ನಾಗೈತೆ ಗೌಡ್ರೇ ನಿಮ್ಮ ಲೆಕ್ಕ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ಕದ್ದೋರ ಮನೆಗೆ ರಾಗಿ ಬಂತು ಅಂದ್ರೆ ಊರು ಅದನ್ನೂ ಕದ್ದಿದ್ದೇ ಅಂತೈತೆ. ತಗೊಂಡು ಹೋಗಿ. ಎಲ್ಲಿ ಇಲ್ಲ ಅಂದ್ರೋ ಅಲ್ಲೇ ಐತೆ ಅನ್ನಿ. ಕಟ್ಟೆ ದಾರೀಲೇ ಐತೆ. ಈಗ ಎಲ್ಲಾರೂ ಕೂತಿರ್ತಾರೆ."

ಅವನು ಕುಕ್ಕೆ ಎತ್ತಲು ಬಗ್ಗಿದ. ಒಬ್ಬನಿಂದಲೇ ಆಗಲಿಲ್ಲ. ಅವಳು ಒಂದು ಕೈ ಕೊಟ್ಟು ಎತ್ತಿ ತಲೆಯ ಮೇಲಿಟ್ಟಳು.

ಏರಿಯ ಮೇಲೆ ನಡೆಯುವಾಗ ಗಂಗಣ್ಣ ಮಾತನ್ನು ಜೋಡಿಸಿಕೊಂಡ. "ಅವತ್ತು ನಾನು ಹೇಳಿದ್ದು ಸುಳ್ಳು." ಅಷ್ಟೇ ಸಾಕು. ಉಳಿದದ್ದನ್ನು ಅವರೇ ಕೇಳುತ್ತಾರೆ. ತುಟಿಯೊಳಗೇ ಹೇಳಿ ನೋಡಿದ. ಬಾಯಿಗೆ ಹಗುರವಾಗಿತ್ತು.

ಕಟ್ಟೆಯ ಮೇಲೆ ಐದಾರು ಜನ ಇದ್ದರು. ನರಸಿಂಹಯ್ಯನವರು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಪಿಳ್ಳಪ್ಪ ದೂರದಿಂದಲೇ ಕಂಡು ಕೂಗಿದ.

"ಏನಣ್ಣೋ, ಪಟೇಲ್ರು ಕೂಲಿಗೆ ಹೋಗಿದ್ರಾ? ತಲೆ ಮ್ಯಾಲೇನದು?"

ಗಂಗಣ್ಣ ನಿಂತ. ಎಲ್ಲರೂ ನಗುತ್ತ ಅವನನ್ನೇ ನೋಡುತ್ತಿದ್ದರು, ಯಾರ ಮುಖದಲ್ಲೂ ಕೆಟ್ಟದ್ದು ಇರಲಿಲ್ಲ.

"ರಾಗಿ ಕಣೋ," ಎಂದ. "ಕಳೆ ಕೀಳೋ ಕೂಲಿ ಮುಂಚೇಲೇ ಕೊಡಾನ ಅಂತ ಕೇರಿಗೆ ಹೋಗಿದ್ದೆ. ಮುನಿವೆಂಕಟಮ್ಮಂಗೆ ಪುರುಸೊತ್ತಿಲ್ವಂತೆ."

"ನಿಮ್ಮಂಥೋರು ತಲೆ ಮೇಲೆ ಹೊತ್ಕೊಂಡು ಹೋದರೂ ಕೊಬ್ಬು ನೋಡಿ ಆ ಹೆಂಗಸಿಗೆ," ಎಂದರು ನರಸಿಂಹಯ್ಯನವರು. "ಬನ್ನಿ ಪಟೇಲ್ರೇ, ಕೂತ್ಕೊಳ್ಳಿ."

ಪಿಳ್ಳಪ್ಪ ಕುಕ್ಕೆ ಇಳಿಸಿಕೊಟ್ಟು ಪಕ್ಕಕ್ಕೆ ಸರಿದು ಜಾಗ ಮಾಡಿದ. ಗಂಗಣ್ಣ ಕೂತ.