ಕೆಟ್ಟ ಟೇಕು

"ಎತ್ತ್ರಪ್ಪಾ ಸ್ವಲ್ಪ, ತಲೆ ಕಡೆ ತಗಲ್ತಾ ಇದೆ!" ಎಂದು ಚಿಕ್ಕಮ್ಮ ಕೂಗುವಷ್ಟರಲ್ಲಿ ಹೆಣದ ಪೆಟ್ಟಿಗೆಯ ಮೂಲೆ ಮೆಟ್ಟಿಲ ಕಂಬಿಗೆ ಬಡಿದೇಬಿಟ್ಟಿತು. ಲಿಫ್ಟಿನಲ್ಲಿ ಹಿಡಿಸಿರಲಿಲ್ಲ. ಹೊತ್ತವರು ಏದುಸಿರು ಬಿಡುತ್ತ ಅಲ್ಲೇ ಇಳಿಸಿ ನಿಂತರು. ಹಿಂದೆ ಬರುತ್ತಿದ್ದ ಮಗಳ ಕಣ್ಣಲ್ಲಿ ಮಾತ್ರ ಹನಿ ನೀರಿಲ್ಲ.

ಚಿಕ್ಕಮ್ಮ ಅವಳ ಪಕ್ಕೆಗೆ ತಿವಿದಳು. "ಕಂಡ ಕಂಡ ನಟಿಯರಿಗೆಲ್ಲ ಅತ್ತು ಕೊಟ್ಟೋಳು ನಮ್ಮಕ್ಕ. ಅವಳಿಗೋಸ್ಕರ ಒಂದು ತೊಟ್ಟು ಕಣ್ಣೀರು ಹಾಕೋಕೆ ನಿನಗೇನೇ ಧಾಡಿ? ಜನ ನೋಡ್ತಿದ್ದಾರೆ."

ಮಾತು ಸುಳ್ಳಲ್ಲ. ಸತ್ತವಳದು ಡಬ್ಬಿಂಗ್ ಕೆಲಸ, ಅದರಲ್ಲೂ ಅಳುವುದಷ್ಟೇ. ಮಾತಿಗೆ ಬೇರೆಯವರಿದ್ದರು. ನಾಯಕಿಯ ಗಂಡ ಸತ್ತ, ಮಗು ಸತ್ತಿತು ಅಂದರೆ ಸಾಕು, ಇವಳಿಗೆ ಫೋನು. ಮೀಸೆ ಹೊತ್ತ ಗಂಡಸರೂ ಥಿಯೇಟರಿನ ಕತ್ತಲಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದರು. ಪ್ರಶಸ್ತಿ ನಟಿಗೆ. ಪರದೆಯ ಮೇಲೆ ಇವಳ ಹೆಸರು ಒಂದು ಸಲವೂ ಬರಲಿಲ್ಲ.

*

ಮನೆಯಲ್ಲೂ ಅದೇ ತಾಲೀಮು. ಬಟ್ಟೆ ಹಿಂಡುತ್ತ ಅಳುವಳು, ನೆಲ ಒರೆಸುತ್ತ ಅಳುವಳು. ಮಗಳು ಪುಸ್ತಕದಿಂದ ತಲೆ ಎತ್ತದೆ, "ಉಸಿರು ಬೇಗ ಎಳ್ಕೊಂಡೆ ಕಣಮ್ಮ, ಇನ್ನೊಂದ್ಸಲ" ಎನ್ನುವಳು. ಇಬ್ಬರೂ ಬಿದ್ದು ಬಿದ್ದು ನಗುವರು. ಮಗಳು ಮದುವೆಯಾಗಿ ಬೇರೆ ಮನೆ ಮಾಡಿದ ಮೇಲೂ ಆಟ ನಿಲ್ಲಲಿಲ್ಲ. ರೆಕಾರ್ಡಿಂಗ್ ಇದ್ದ ದಿನ ಅಮ್ಮ ಫೋನು ಮಾಡಿ, ಹಲೋ ಕೂಡ ಅನ್ನದೆ, ಅತ್ತು ತೋರಿಸುವಳು.

ಮೊನ್ನೆ ಬೆಳಿಗ್ಗೆಯೂ ಫೋನು ಬಂತು. ಮಾತಿಲ್ಲ. ಹರಿದ ಉಸಿರು, ಗಂಟಲಲ್ಲಿ ಏನೋ ಕೆರೆದಂಥ ಸದ್ದು. ಮಗಳು ಆಫೀಸಿಗೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದಳು.

"ಚೆನ್ನಾಗಿ ಬಂದಿಲ್ಲಮ್ಮ. ಸಂಜೆ ಮಾಡು, ಕೇಳ್ತೀನಿ" ಎಂದು ಇಟ್ಟಳು.

ಸಂಜೆ ಅಮ್ಮನ ಮನೆಯ ಬಾಗಿಲು ಒಡೆಯಬೇಕಾಯಿತು.

*

ಕೆಳಗೆ ವ್ಯಾನಿನ ಪಕ್ಕ ಸ್ಟುಡಿಯೋದ ಹಳೆಯ ಸೌಂಡ್ ಎಂಜಿನಿಯರು ನಿಂತಿದ್ದ. ಎಲ್ಲರೂ ಅವನನ್ನು ಕಿವಿಯಣ್ಣ ಅನ್ನುತ್ತಿದ್ದರು. ಮಗಳು ನೇರ ಅವನ ಬಳಿ ಹೋದಳು.

"ಕಿವಿಯಣ್ಣ, ಅಮ್ಮ ಮೈಕಿನ ಮುಂದೆ ಯಾವತ್ತಾದ್ರೂ ನಿಜವಾಗ್ಲೂ ಅತ್ತಿದ್ಲಾ?"

"ಒಂದೇ ಸಲ ಪುಟ್ಟಿ. ನಿಮ್ಮಪ್ಪ ತೀರ್ಕೊಂಡ ವಾರ."

"ಹೇಗಿತ್ತು?"

ಜೋರಾಗಿತ್ತು, ಎದೆ ಒಡೆಯುವ ಹಾಗಿತ್ತು ಅಂದುಬಿಡಲಿ, ಅಷ್ಟೇ ಅವಳಿಗೆ ಬೇಕಿದ್ದುದು. ಅವನು ಹಾಗಂದರೆ ಮೊನ್ನೆ ಫೋನಿನಲ್ಲಿ ಕೇಳಿದ್ದು ಬರೀ ಅಭ್ಯಾಸ. ಎದೆನೋವು ಬಂದದ್ದು ಫೋನು ಇಟ್ಟ ಮೇಲೆ.

"ದರಿದ್ರವಾಗಿತ್ತು ಬಿಡು. ದನಿಯೇ ಹೊರಡ್ಲಿಲ್ಲ. ಗಂಟಲಲ್ಲಿ ಬರೀ ಕೆರೆತ. ಕೆಟ್ಟ ಟೇಕು ಅಂತ ಅಳಿಸಿ ಹಾಕ್ದೆ. ಮಾರನೇ ದಿನ ಬಂದು ಅದೇ ಸೀನಿಗೆ ಎಷ್ಟು ಚೆನ್ನಾಗಿ ಅತ್ತು ಕೊಟ್ಳು ಅಂತೀಯ!"

ಮಗಳು ವ್ಯಾನಿನ ಬಾಗಿಲು ಹಿಡಿದುಕೊಂಡಳು. ಬಾಯಿ ತೆರೆಯಿತು. ಕೆರೆತವೇ ಬರಲಿ ಎಂದು ಬೇಡಿಕೊಂಡಳು. ಬಂದದ್ದು ಬೇರೆ. ಮೊದಲು ಒಂದು ಗುಟುಕು ಮೌನ, ಆಮೇಲೆ ಹೊಟ್ಟೆಯಾಳದಿಂದ ದುಂಡಗೆ ಎದ್ದು, ಏರಿ, ನಡುಗಬೇಕಾದಲ್ಲಿ ನಡುಗಿ, ಒಡೆಯಬೇಕಾದಲ್ಲಿ ಒಡೆದ ಅಳು.

"ಅಯ್ಯೋ, ಅಕ್ಕನೇ ಅತ್ತ ಹಾಗಿದೆ!" ಎಂದು ಚಿಕ್ಕಮ್ಮ ಗೋಳಾಡಿದಳು. ಹೊತ್ತು ತಂದವರು ಬಿಕ್ಕಿದರು. ಗುರುತು ಪರಿಚಯವಿಲ್ಲದ ಡ್ರೈವರು ಎಂಜಿನ್ ಆರಿಸಿ ಕಣ್ಣೊರೆಸಿಕೊಂಡ.

ಕಿವಿಯಣ್ಣ ಕಣ್ಣು ಮುಚ್ಚಿ, ತಲೆ ಒಂದು ಪಕ್ಕಕ್ಕೆ ವಾಲಿಸಿ ಕೇಳುತ್ತಿದ್ದ. ಅವನ ಬಲಗೈ ಹೆಬ್ಬೆರಳು ತಾನಾಗಿಯೇ ನಿಧಾನಕ್ಕೆ ಮೇಲೆದ್ದಿತು.